ಬ್ರೌಸರ್‌ನಿಂದ ಕೃಷಿ ಮಾಹಿತಿ ಮುದ್ರಿಸುವಾಗ ಕಂಡುಬರುವ ದೋಷಗಳು ಮತ್ತು ಅವುಗಳ ಪರಿಹಾರ

ಪೀಠಿಕೆ

ಬೇಸಾಯ ಕ್ರಮಗಳು, ರೋಗ ಹಾಗೂ ಕೀಟ ನಿರ್ವಹಣೆಯ ಸಲಹೆಗಳು, ಮಣ್ಣು ಆರೋಗ್ಯ ಚೀಟಿ, ಪಹಣಿ ಮೊದಲಾದವು ಇಂದು ಜಾಲತಾಣಗಳಲ್ಲಿಯೇ ದೊರೆಯುತ್ತವೆ. ಆದರೆ ಹೊಲದ ಬದುವಿನ ಮೇಲೆ ನಿಂತು ಔಷಧಿ ಅಳೆಯುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಮುದ್ರಿತ ಹಾಳೆ. ಪರದೆಯ ಮೇಲೆ ಸ್ಪಷ್ಟವಾಗಿದ್ದ ಮಾಹಿತಿ ಕಾಗದಕ್ಕೆ ಇಳಿಯುವಾಗ ಮಸುಕಾದರೆ ಅಥವಾ ತುಂಡಾದರೆ ಅದರ ನಷ್ಟವನ್ನು ಬೆಳೆ ಅನುಭವಿಸಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ತರಬೇತಿಯೊಂದರಲ್ಲಿ ರೈತರೊಬ್ಬರು ಮಡಚಿದ ಕರಪತ್ರವೊಂದನ್ನು ಬಿಡಿಸಿ, "ಸಾರ್, ಇದು ಅರ್ಧ ಮಿಲಿಯೋ, ಐದು ಮಿಲಿಯೋ?" ಎಂದು ಕೇಳಿದರು. ಮೂಲ ಪುಟದಲ್ಲಿ "ಪ್ರತಿ ಲೀಟರ್ ನೀರಿಗೆ 0.5 ಮಿ.ಲೀ." ಎಂದಿತ್ತು. ಟೋನರ್ ಉಳಿಸುವ ವಿಧಾನದಲ್ಲಿ ತೆಳುವಾಗಿ ಮುದ್ರಿಸಿ, ಅದರ ಜೆರಾಕ್ಸ್ ತೆಗೆದು ಹಂಚಿದ್ದರಿಂದ ಚುಕ್ಕಿ ಪೂರ್ಣವಾಗಿ ಅಳಿಸಿಹೋಗಿ, ಸೊನ್ನೆ ಅರೆಬರೆಯಾಗಿ ಉಳಿದಿತ್ತು. 15 ಲೀಟರಿನ ಕ್ಯಾನಿಗೆ 7.5 ಮಿ.ಲೀ. ಹಾಕಬೇಕಾದಲ್ಲಿ 75 ಮಿ.ಲೀ. ಹಾಕಲು ಅಷ್ಟು ಸಾಕು. ಆ ಕರಪತ್ರವನ್ನು ಹಂಚಿದವರಲ್ಲಿ ನಾನೂ ಒಬ್ಬನಾಗಿದ್ದೆ. ಆ ರೈತರು ಕೇಳಿದ್ದರಿಂದ ತಪ್ಪು ತಿಳಿಯಿತು, ಎಲ್ಲರೂ ಕೇಳುವುದಿಲ್ಲ.

ಆದುದರಿಂದ ಮುದ್ರಣದ ಗುಣಮಟ್ಟವನ್ನು ಸಲಹೆಯ ಒಂದು ಭಾಗವೆಂದೇ ಪರಿಗಣಿಸಬೇಕು. ಸಾಮಾನ್ಯವಾಗಿ ಎದುರಾಗುವ ದೋಷಗಳು, ಅವುಗಳ ಕಾರಣಗಳು ಮತ್ತು ಪರಿಹಾರಗಳನ್ನು ಇಲ್ಲಿ ವಿವರಿಸಲಾಗಿದೆ.

1. ಮೊದಲು ದೋಷದ ಮೂಲವನ್ನು ಗುರುತಿಸಿ

ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವುದು ಸರಿಯಲ್ಲವೆಂಬುದು ತಮಗೆ ತಿಳಿದಿದೆ. ಸಾರಜನಕದ ಕೊರತೆ, ಕಬ್ಬಿಣದ ಕೊರತೆ, ನೀರು ನಿಲ್ಲುವಿಕೆ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಹಾಗೆಯೇ ಮುದ್ರಣ ಕೆಟ್ಟ ಕೂಡಲೇ ಟೋನರ್ ಬದಲಿಸುವುದು ವ್ಯರ್ಥ ಖರ್ಚಿಗೆ ದಾರಿಯಾಗಬಹುದು. ದೋಷವು ಜಾಲಪುಟದಲ್ಲಿ, ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ, ಪ್ರಿಂಟರ್‌ನಲ್ಲಿ ಅಥವಾ ಕಾಗದದಲ್ಲಿ ಇರಬಹುದು. ಕೆಳಗಿನ ಮೂರು ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ.

ಅ) ಮುನ್ನೋಟ ಪರೀಕ್ಷೆ: ಕಂಟ್ರೋಲ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಮುದ್ರಣದ ಮುನ್ನೋಟ ತೆರೆದುಕೊಳ್ಳುತ್ತದೆ. ಕೋಷ್ಟಕ ತುಂಡಾಗಿರುವುದು, ಶಿರೋನಾಮೆ ಮಾಯವಾಗಿರುವುದು ಅಲ್ಲಿಯೇ ಕಂಡರೆ ದೋಷವು ಪುಟದಲ್ಲಿ ಅಥವಾ ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿದೆ. ಪ್ರಿಂಟರ್ ಅನ್ನು ಮುಟ್ಟಬೇಕಾಗಿಲ್ಲ.

ಆ) ಪಿಡಿಎಫ್ ಪರೀಕ್ಷೆ: ಪ್ರಿಂಟರ್ ಆಯ್ಕೆ ಮಾಡುವ ಸ್ಥಳದಲ್ಲಿ 'ಸೇವ್ ಆಸ್ ಪಿಡಿಎಫ್' ಆರಿಸಿ ಕಡತವನ್ನು ಉಳಿಸಿರಿ. ಅದನ್ನು ತೆರೆದು ದೊಡ್ಡದಾಗಿಸಿ ನೋಡಿ. ಅಲ್ಲಿ ಅಕ್ಷರಗಳು ಸ್ಪಷ್ಟವಾಗಿದ್ದು ಕಾಗದದ ಮೇಲೆ ಮಾತ್ರ ಕೆಟ್ಟಿದ್ದರೆ ದೋಷವು ಪ್ರಿಂಟರ್‌ನ ಕಡೆಗಿದೆ.

ಇ) ಪ್ರಿಂಟರ್‌ನ ಸ್ವಂತ ಪರೀಕ್ಷಾ ಪುಟ: ಹೆಚ್ಚಿನ ಪ್ರಿಂಟರ್‌ಗಳಲ್ಲಿ ಕಂಪ್ಯೂಟರ್‌ನ ನೆರವಿಲ್ಲದೆ ಪರೀಕ್ಷಾ ಪುಟ ತೆಗೆಯಬಹುದು. ಜೆರಾಕ್ಸ್ ಸೌಲಭ್ಯವಿದ್ದರೆ ಒಳ್ಳೆಯ ಮುದ್ರಿತ ಹಾಳೆಯೊಂದರ ಪ್ರತಿ ತೆಗೆದು ನೋಡಬಹುದು. ಪರೀಕ್ಷಾ ಪುಟವೂ ಮಸುಕಾಗಿದ್ದರೆ ಟೋನರ್, ಶಾಯಿ ಅಥವಾ ಯಂತ್ರದ ಭಾಗಗಳನ್ನು ಗಮನಿಸಬೇಕು. ಅದು ಚೆನ್ನಾಗಿದ್ದರೆ ಕಂಪ್ಯೂಟರ್‌ನಲ್ಲಿರುವ ಪ್ರಿಂಟರ್‌ನ ಡ್ರೈವರ್ ತಂತ್ರಾಂಶ ಅಥವಾ ಅದರ ಸೆಟ್ಟಿಂಗ್ ಕಾರಣವಾಗಿರುತ್ತದೆ.

2. ಅಕ್ಷರಗಳು ತೆಳುವಾಗಿ ಅಥವಾ ಮಸುಕಾಗಿ ಬರುವುದು

ಪರೀಕ್ಷಾ ಪುಟ ಕಪ್ಪಾಗಿ ಬಂದು, ಬ್ರೌಸರ್‌ನಿಂದ ಮುದ್ರಿಸಿದ ಪುಟ ಮಾತ್ರ ತೆಳುವಾಗಿದ್ದರೆ ಎರಡು ಕಾರಣಗಳನ್ನು ಪರಿಶೀಲಿಸಿ.

ಮೊದಲನೆಯದು, ಉಳಿತಾಯದ ವಿಧಾನ. ಪ್ರಿಂಟರ್‌ನ ಗುಣಲಕ್ಷಣಗಳಲ್ಲಿ 'ಡ್ರಾಫ್ಟ್', 'ಟೋನರ್ ಸೇವ್' ಅಥವಾ 'ಇಕಾನಮಿ' ಎಂಬ ಆಯ್ಕೆ ಚಾಲನೆಯಲ್ಲಿರಬಹುದು. ಒಮ್ಮೆ ಯಾರೋ ಆರಿಸಿದ್ದು ಎಲ್ಲ ಮುದ್ರಣಗಳಿಗೂ ಮುಂದುವರಿಯುತ್ತದೆ. ಕಚೇರಿಯ ಕರಡು ಪತ್ರಗಳಿಗೆ ಇದು ಸಾಕು. ಔಷಧಿ ಮತ್ತು ಗೊಬ್ಬರದ ಪ್ರಮಾಣವಿರುವ ಹಾಳೆಗೆ ಇದನ್ನು ಬಳಸಬಾರದು. ಕ್ರೋಮ್‌ನ ಮುದ್ರಣ ಕಿಟಕಿಯಲ್ಲಿ 'ಮೋರ್ ಸೆಟ್ಟಿಂಗ್ಸ್' ತೆರೆದಾಗ, ಪ್ರಿಂಟರ್‌ಗೆ ಆ ಸೌಲಭ್ಯವಿದ್ದಲ್ಲಿ 'ಕ್ವಾಲಿಟಿ' ಎಂಬ ಆಯ್ಕೆಯೂ ಕಾಣುತ್ತದೆ. ಅಲ್ಲಿ ಇಂಚಿಗೆ 600 ಬಿಂದುಗಳ ಆಯ್ಕೆಯಿದ್ದರೆ ಅದನ್ನೇ ಆರಿಸಿ.

ಎರಡನೆಯದು, ಬಣ್ಣದ ಅಕ್ಷರಗಳು. ಅನೇಕ ಜಾಲಪುಟಗಳಲ್ಲಿ ಅಕ್ಷರಗಳು ಬೂದು, ಹಸಿರು ಅಥವಾ ಕಿತ್ತಳೆ ಬಣ್ಣದಲ್ಲಿರುತ್ತವೆ. ಕಪ್ಪು-ಬಿಳುಪು ಪ್ರಿಂಟರ್ ಇಂತಹ ಬಣ್ಣಗಳನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಬೂದು ಬಣ್ಣವನ್ನು ತೋರಿಸುತ್ತದೆ. ಇದರಿಂದ ಅಕ್ಷರದ ಅಂಚು ಒಡೆದಂತೆ ಕಾಣುತ್ತದೆ. ಪ್ರಿಂಟರ್‌ನ ಸೆಟ್ಟಿಂಗ್‌ನಲ್ಲಿ ಎಲ್ಲ ಅಕ್ಷರಗಳನ್ನೂ ಕಪ್ಪಾಗಿ ಮುದ್ರಿಸುವ ಆಯ್ಕೆಯಿದ್ದರೆ ಅದನ್ನು ಬಳಸಿ. ಇಲ್ಲವಾದರೆ ಅಗತ್ಯವಾದ ಭಾಗವನ್ನು ನಕಲು ಮಾಡಿ ಬರಹ ತಂತ್ರಾಂಶದಲ್ಲಿ ಅಂಟಿಸಿ, ಅಕ್ಷರಗಳಿಗೆ ಕಪ್ಪು ಬಣ್ಣ ನೀಡಿ ಮುದ್ರಿಸಿ. ಹೀಗೆ ಮಾಡಿದಾಗ ಅಂಕಿಗಳನ್ನು ಮೂಲದೊಡನೆ ತಾಳೆ ನೋಡುವುದು ಕಡ್ಡಾಯ.

ಕನ್ನಡ ಬರಹಕ್ಕೆ ತೆಳು ಮುದ್ರಣದಿಂದ ವಿಶೇಷ ತೊಂದರೆಯಿದೆ. 'ದ' ಮತ್ತು 'ಧ', 'ಬ' ಮತ್ತು 'ಭ' ಅಕ್ಷರಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಸೀಳು. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು. ಕನ್ನಡ ಅಂಕಿಗಳಲ್ಲಿ ೬, ೭ ಮತ್ತು ೯ ಒಂದನ್ನೊಂದು ಹೋಲುತ್ತವೆ. 'ಕಿ.ಗ್ರಾಂ' ಎಂಬುದರ ಮೊದಲಕ್ಷರ ಅಳಿಸಿದರೆ 'ಗ್ರಾಂ' ಆಗುತ್ತದೆ, 'ಮಿ.ಲೀ.' ಎಂಬುದರ ಮೊದಲಕ್ಷರ ಅಳಿಸಿದರೆ 'ಲೀ.' ಆಗುತ್ತದೆ. ಎರಡರಲ್ಲಿಯೂ ವ್ಯತ್ಯಾಸ ಸಾವಿರ ಪಟ್ಟು.

3. ಕನ್ನಡ ಅಕ್ಷರಗಳು ಒಡೆಯುವುದು, ಚೌಕಗಳಾಗಿ ಬರುವುದು

ಪರದೆಯ ಮೇಲೆಯೇ ಚೌಕಗಳು ಕಂಡರೆ ಆ ಕಂಪ್ಯೂಟರ್‌ನಲ್ಲಿ ಕನ್ನಡದ ಯೂನಿಕೋಡ್ ಫಾಂಟ್ ಇಲ್ಲವೆಂದು ತಿಳಿಯಬೇಕು. ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ 'ನಿರ್ಮಲಾ ಯುಐ' ಫಾಂಟ್ ಇರುತ್ತದೆ. ಹಳೆಯ ಆವೃತ್ತಿಗಳಲ್ಲಿ 'ತುಂಗಾ' ಇರುತ್ತಿತ್ತು. 'ನೋಟೋ ಸಾನ್ಸ್ ಕನ್ನಡ' ಫಾಂಟ್ ಅನ್ನು ಉಚಿತವಾಗಿ ಪಡೆದು ಅಳವಡಿಸಿಕೊಳ್ಳಬಹುದು.

ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ, ಆ ಬರಹವು ಯೂನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಸಿದ್ಧವಾದದ್ದೆಂದು ಊಹಿಸಬಹುದು. ಆಯಾ ಫಾಂಟ್ ಅಳವಡಿಸಿದರೆ ಅದು ಓದಲು ಬರುತ್ತದೆ. ಮತ್ತೆ ಮತ್ತೆ ಬಳಸಬೇಕಾದ ಬರಹವಾದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳುವುದು ಶಾಶ್ವತ ಪರಿಹಾರ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಓದಿ ನೋಡಬೇಕು.

ಪರದೆಯಲ್ಲಿ ಸರಿಯಾಗಿದ್ದು ಕಾಗದದ ಮೇಲೆ ಮಾತ್ರ ಒತ್ತಕ್ಷರಗಳು ಪಕ್ಕಕ್ಕೆ ಸರಿದಿದ್ದರೆ ದೋಷವು ಪ್ರಿಂಟರ್‌ನ ಡ್ರೈವರ್ ತಂತ್ರಾಂಶದಲ್ಲಿರುವ ಸಂಭವವೇ ಹೆಚ್ಚು. ಪುಟವನ್ನು ಪಿಡಿಎಫ್ ಆಗಿ ಉಳಿಸಿ, ಅದನ್ನು ಕ್ರೋಮ್‌ನಲ್ಲಿ ತೆರೆದು, ಮುದ್ರಣ ಕಿಟಕಿಯ 'ಮೋರ್ ಸೆಟ್ಟಿಂಗ್ಸ್' ಅಡಿಯಲ್ಲಿ 'ಪ್ರಿಂಟ್ ಆಸ್ ಇಮೇಜ್' ಆರಿಸಿರಿ. ಆಗ ಪುಟವು ಚಿತ್ರರೂಪದಲ್ಲಿ ಪ್ರಿಂಟರ್‌ಗೆ ಹೋಗುವುದರಿಂದ ಅಕ್ಷರಗಳು ಸ್ಥಳ ಬದಲಿಸುವುದಿಲ್ಲ. ಮುದ್ರಣ ಸ್ವಲ್ಪ ನಿಧಾನವಾಗುತ್ತದೆ, ಅಂಚುಗಳು ತುಸು ಮೃದುವಾಗುತ್ತವೆ. ಆದರೂ ಓದಲು ತೊಡಕಾಗದು. ಸಮಯ ಸಿಕ್ಕಾಗ ಡ್ರೈವರ್‌ನ ಹೊಸ ಆವೃತ್ತಿಯನ್ನು ಅಳವಡಿಸಿಕೊಳ್ಳಿ.

4. ಕೋಷ್ಟಕದ ಬಲಭಾಗ ತುಂಡಾಗುವುದು

ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್ ಎಂಬ 12 ಅಂಶಗಳ ವಿವರವಿರುತ್ತದೆ. ಇಂತಹ ಅಗಲವಾದ ಕೋಷ್ಟಕಗಳನ್ನು ಮುದ್ರಿಸುವಾಗ ಬಲತುದಿಯ ಕಲಂ ಕಾಗದದಿಂದ ಹೊರಗುಳಿಯಬಹುದು. ಎಷ್ಟು ಗೊಬ್ಬರ ಹಾಕಬೇಕೆಂಬ ಶಿಫಾರಸು ಬಲತುದಿಯಲ್ಲಿದ್ದರೆ, ರೈತರ ಕೈಗೆ ಕೊರತೆಯ ವಿವರ ತಲುಪಿ ಪರಿಹಾರ ಮಾತ್ರ ತಲುಪದೇ ಹೋಗುತ್ತದೆ.

ಕೆಳಗಿನ ಕ್ರಮಗಳನ್ನು ಅನುಸರಿಸಿ.

• ಕಾಗದದ ಅಳತೆಯನ್ನು ಮೊದಲು ನೋಡಿ. ಅನೇಕ ಪ್ರಿಂಟರ್‌ಗಳಲ್ಲಿ 'ಲೆಟರ್' ಎಂಬ ಅಮೆರಿಕದ ಅಳತೆ ಮೊದಲೇ ಆಯ್ಕೆಯಾಗಿರುತ್ತದೆ. ಅದರ ಅಳತೆ 216 × 279 ಮಿ.ಮೀ.; ನಾವು ಬಳಸುವ ಎ4 ಹಾಳೆಯ ಅಳತೆ 210 × 297 ಮಿ.ಮೀ. ಲೆಟರ್ ಅಳತೆಗೆ ಹೊಂದಿಸಿದ ಪುಟವನ್ನು ಎ4 ಹಾಳೆಯ ಮೇಲೆ ಮುದ್ರಿಸಿದರೆ ಅಂಚಿನ 6 ಮಿ.ಮೀ. ಕಳೆದುಹೋಗಬಹುದು. ಒಂದು ಅಂಕಿ ಮರೆಯಾಗಲು ಅಷ್ಟು ಸಾಕು.

• ಹಾಳೆಯನ್ನು ಅಡ್ಡಲಾಗಿ ಬಳಸುವ 'ಲ್ಯಾಂಡ್‌ಸ್ಕೇಪ್' ಆಯ್ಕೆ ಮಾಡಿ. ಅಗಲವಾದ ಕೋಷ್ಟಕಗಳಿಗೆ ಇದು ಉತ್ತಮ ಪರಿಹಾರ.

• ಅದೂ ಸಾಲದಿದ್ದರೆ ಮಾತ್ರ 'ಸ್ಕೇಲ್' ಅನ್ನು ಕಡಿಮೆ ಮಾಡಿ. ಫೈರ್‌ಫಾಕ್ಸ್‌ನಲ್ಲಿ 'ಫಿಟ್ ಟು ಪೇಜ್ ವಿಡ್ತ್' ಎಂಬ ಆಯ್ಕೆಯಿದೆ. ಅತಿಯಾಗಿ ಕುಗ್ಗಿಸಬೇಡಿ: 12 ಪಾಯಿಂಟ್‌ನ ಅಕ್ಷರವು ಶೇ. 70ಕ್ಕೆ ಇಳಿದಾಗ 8.4 ಪಾಯಿಂಟ್ ಆಗುತ್ತದೆ. ವಯಸ್ಸಾದವರಿಗೆ ಸಂಜೆಯ ಬೆಳಕಿನಲ್ಲಿ ಅದು ಓದಲು ಬಾರದು.

• ಅಂಚುಗಳನ್ನು 'ಮಿನಿಮಮ್' ಮಾಡಬಹುದು. 'ನನ್' ಆರಿಸಿದರೆ ಅನೇಕ ಪ್ರಿಂಟರ್‌ಗಳು ಕಾಗದದ ತುದಿಯವರೆಗೆ ಮುದ್ರಿಸಲಾರದೆ ಅಕ್ಷರಗಳನ್ನು ಕತ್ತರಿಸುತ್ತವೆ.

ಪುಟದಲ್ಲಿಯೇ 'ಪಿಡಿಎಫ್' ಅಥವಾ 'ಮುದ್ರಿಸಿ' ಎಂಬ ಗುಂಡಿ ನೀಡಿದ್ದರೆ ಅದನ್ನೇ ಬಳಸುವುದು ಲೇಸು. ಮುದ್ರಣಕ್ಕೆಂದೇ ಸಿದ್ಧಪಡಿಸಿದ ರೂಪ ಅದರಲ್ಲಿರುತ್ತದೆ.

5. ಶಿರೋನಾಮೆ ಮತ್ತು ಬಣ್ಣಗಳು ಮಾಯವಾಗುವುದು

ಶಾಯಿ ಉಳಿಸುವ ಉದ್ದೇಶದಿಂದ ಬ್ರೌಸರ್‌ಗಳು ಹಿನ್ನೆಲೆಯ ಬಣ್ಣವನ್ನು ಸಾಮಾನ್ಯವಾಗಿ ಮುದ್ರಿಸುವುದಿಲ್ಲ. ಗಾಢ ಹಸಿರು ಪಟ್ಟಿಯ ಮೇಲೆ ಬಿಳಿ ಅಕ್ಷರಗಳಲ್ಲಿದ್ದ ಶಿರೋನಾಮೆಯ ಪಟ್ಟಿ ಹೋಗಿ, ಬಿಳಿ ಕಾಗದದ ಮೇಲೆ ಅಕ್ಷರಗಳು ಕಾಣದಂತಾಗುತ್ತವೆ ಅಥವಾ ಬಹಳ ಮಂಕಾಗುತ್ತವೆ. ಕೋಷ್ಟಕದಲ್ಲಿ ಯಾವ ಕಲಂ ಎಕರೆಗೆ, ಯಾವುದು ಹೆಕ್ಟೇರಿಗೆ ಎಂಬುದು ಆ ಶಿರೋನಾಮೆಯಲ್ಲಿಯೇ ಇದ್ದರೆ ಉಳಿದ ಅಂಕಿಗಳಿಗೆ ಅರ್ಥವಿರುವುದಿಲ್ಲ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಹೆಕ್ಟೇರಿನ ಪ್ರಮಾಣವನ್ನು ಎಕರೆಗೆ ಹಾಕಿದರೆ ಗೊಬ್ಬರದ ವೆಚ್ಚ ಎರಡೂವರೆ ಪಟ್ಟಾಗುತ್ತದೆ.

ಪರಿಹಾರ ಸರಳ. ಕ್ರೋಮ್ ಮತ್ತು ಎಡ್ಜ್‌ನಲ್ಲಿ 'ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್', ಫೈರ್‌ಫಾಕ್ಸ್‌ನಲ್ಲಿ 'ಪ್ರಿಂಟ್ ಬ್ಯಾಕ್‌ಗ್ರೌಂಡ್ಸ್' ಎಂಬ ಆಯ್ಕೆಗೆ ಗುರುತು ಹಾಕಿ.

ಕೀಟನಾಶಕಗಳ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ ವಿಷಕಾರಿ, ಹಸಿರು ಅಲ್ಪ ವಿಷಕಾರಿ ಎಂಬುದನ್ನು ಸೂಚಿಸುತ್ತವೆ. ಕಪ್ಪು-ಬಿಳುಪು ಮುದ್ರಣದಲ್ಲಿ ಹಳದಿ ತ್ರಿಕೋನ ಬಹುತೇಕ ಬಿಳಿಯಾಗಿ, ಉಳಿದ ಮೂರು ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿ ಕಾಣುತ್ತವೆ. ಇಂತಹ ಹಾಳೆಯನ್ನು ಬಣ್ಣದಲ್ಲಿಯೇ ಮುದ್ರಿಸಬೇಕು. ಸಾಧ್ಯವಿಲ್ಲದಿದ್ದರೆ ಪ್ರತಿ ತ್ರಿಕೋನದ ಪಕ್ಕದಲ್ಲಿ ಬಣ್ಣದ ಹೆಸರನ್ನು ಪೆನ್ನಿನಿಂದ ಬರೆಯಬೇಕು.

6. ರೋಗ ಮತ್ತು ಕೊರತೆಯ ಚಿತ್ರಗಳು ಅಸ್ಪಷ್ಟವಾಗುವುದು

ಪರದೆಯಲ್ಲಿ ಚೆನ್ನಾಗಿ ಕಾಣುವ ಚಿತ್ರ ಕಾಗದದ ಮೇಲೆ ಒಡೆದಂತೆ ಕಾಣಲು ಅದರ ಬಿಂದುಗಳ ಸಂಖ್ಯೆ ಸಾಲದಿರುವುದು ಕಾರಣ. 10 ಸೆಂ.ಮೀ. ಅಗಲದ ಚಿತ್ರ ಅಚ್ಚುಕಟ್ಟಾಗಿ ಬರಲು, ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ, ಸುಮಾರು 1,180 ಬಿಂದುಗಳ ಅಗಲ ಬೇಕು. ಅರ್ಧದಷ್ಟಿದ್ದರೂ ಕೆಲಸ ನಡೆಯುತ್ತದೆ. ಪುಟದಲ್ಲಿ ಕಾಣುವ ಕಿರುಚಿತ್ರಗಳು ಅನೇಕ ವೇಳೆ ಅದಕ್ಕಿಂತಲೂ ಚಿಕ್ಕವು. ಚಿತ್ರದ ಮೇಲೆ ಒತ್ತಿದಾಗ ದೊಡ್ಡ ರೂಪ ತೆರೆದರೆ ಅದನ್ನು ಮುದ್ರಿಸಿ. ವಾಟ್ಸ್‌ಆಪ್‌ನಲ್ಲಿ ಚಿತ್ರ ಕಳುಹಿಸುವಾಗ 'ಡಾಕ್ಯುಮೆಂಟ್' ರೂಪದಲ್ಲಿ ಕಳುಹಿಸಿದರೆ ಅದರ ಗುಣಮಟ್ಟ ಕುಗ್ಗುವುದಿಲ್ಲ.

ಚಿತ್ರದ ಬಣ್ಣವೇ ರೋಗನಿರ್ಣಯಕ್ಕೆ ಆಧಾರವಾಗಿರುವಲ್ಲಿ ಕಪ್ಪು-ಬಿಳುಪು ಪ್ರತಿಯನ್ನು ಹಂಚಬೇಡಿ. ಸುಣ್ಣಯುಕ್ತ ಮಣ್ಣಿನ ಶೇಂಗಾ ಬೆಳೆಯಲ್ಲಿ ಕಬ್ಬಿಣದ ಕೊರತೆಯಾದಾಗ ಎಳೆಯ ಎಲೆಗಳ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಸಾರಜನಕದ ಕೊರತೆಯಲ್ಲಿ ಹಳೆಯ ಎಲೆಗಳು ಮೊದಲು ಸಮನಾಗಿ ಹಳದಿಯಾಗುತ್ತವೆ. ಬೂದು ಚಿತ್ರದಲ್ಲಿ ತಿಳಿಹಸಿರು ಮತ್ತು ಹಳದಿ ಬೆರೆತುಹೋಗುವುದರಿಂದ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಹತ್ತು ಪುಟಗಳ ಕೈಪಿಡಿಯಲ್ಲಿ ಚಿತ್ರವಿರುವ ಒಂದೆರಡು ಪುಟಗಳನ್ನು ಮಾತ್ರ ಬಣ್ಣದಲ್ಲಿ ಮುದ್ರಿಸಿದರೆ ಖರ್ಚೂ ಮಿತವಾಗಿರುತ್ತದೆ. ಮುದ್ರಣ ಕಿಟಕಿಯ 'ಪೇಜಸ್' ಎಂಬಲ್ಲಿ ಬೇಕಾದ ಪುಟಸಂಖ್ಯೆ ನಮೂದಿಸಬಹುದು.

7. ಕ್ಯೂಆರ್ ಸಂಕೇತ ಓದದಿರುವುದು

ದಾಖಲೆಗಳಲ್ಲಿರುವ ಕ್ಯೂಆರ್ ಸಂಕೇತವನ್ನು ಮೊಬೈಲ್ ಓದದಿದ್ದರೆ ರೈತರು ಮತ್ತೊಮ್ಮೆ ಅಲೆಯಬೇಕಾಗುತ್ತದೆ. ಸಂಕೇತದ ಸುತ್ತಲೂ ಬಿಳಿಯ ಅಂಚು ಇರಲೇಬೇಕು. ಅದನ್ನು ಕತ್ತರಿಸಬಾರದು, ಅದರ ಮೇಲೆ ಮೊಹರು ಒತ್ತಬಾರದು, ಮಡಿಕೆ ಬೀಳಿಸಬಾರದು. ಪುಟವನ್ನು ಕುಗ್ಗಿಸದೆ ಶೇ. 100ರ ಅಳತೆಯಲ್ಲಿ ಮುದ್ರಿಸಿ. ಕಚೇರಿಯಿಂದ ಹೊರಡುವ ಮೊದಲು ತಮ್ಮ ಮೊಬೈಲ್‌ನಿಂದಲೇ ಒಮ್ಮೆ ಓದಿಸಿ ನೋಡಿ.

8. ಗೆರೆ, ಕಲೆ ಮತ್ತು ಪುಡಿ ಉದುರುವಿಕೆ

ಇವು ಯಂತ್ರದ ಅಥವಾ ಕಾಗದದ ದೋಷಗಳು. ಬ್ರೌಸರ್‌ನ ಸೆಟ್ಟಿಂಗ್ ಬದಲಿಸಿದರೆ ಹೋಗುವುದಿಲ್ಲ.

• ಲೇಸರ್ ಪ್ರಿಂಟರ್‌ನಲ್ಲಿ ಉದ್ದುದ್ದ ಬಿಳಿ ಪಟ್ಟೆಗಳು: ಟೋನರ್ ಮುಗಿಯುತ್ತಿರಬಹುದು. ಕಾರ್ಟ್ರಿಡ್ಜ್ ಹೊರತೆಗೆದು ಅಡ್ಡಲಾಗಿ ನಿಧಾನವಾಗಿ ಅಲುಗಾಡಿಸಿ ಮತ್ತೆ ಕೂರಿಸಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಡ್ರಮ್ ಅನ್ನು ಕೈಯಿಂದ ಮುಟ್ಟಬಾರದು, ಬಿಸಿಲಿಗೆ ಒಡ್ಡಬಾರದು.

• ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬೀಳುವ ಕಲೆ: ಡ್ರಮ್ ಅಥವಾ ರೋಲರ್ ಮೇಲೆ ಗಾಯ ಅಥವಾ ಕೊಳೆಯಿದೆ. ಸೇವಾ ಕೇಂದ್ರಕ್ಕೆ ತೋರಿಸಬೇಕು.

• ಬೆರಳಿನಿಂದ ಉಜ್ಜಿದಾಗ ಅಕ್ಷರ ಅಳಿಸುವುದು: ಶಾಖದಿಂದ ಟೋನರ್ ಕಾಗದಕ್ಕೆ ಅಂಟುವ ಕ್ರಿಯೆ ಪೂರ್ಣವಾಗಿಲ್ಲ. ದಪ್ಪ ಕಾಗದ ಬಳಸಿದ್ದರೆ ಪ್ರಿಂಟರ್‌ನಲ್ಲಿ ಕಾಗದದ ವಿಧವನ್ನು ಅದಕ್ಕೆ ತಕ್ಕಂತೆ ಬದಲಿಸಿ. ಮಳೆಗಾಲದಲ್ಲಿ, ವಿಶೇಷವಾಗಿ ಮಲೆನಾಡು ಮತ್ತು ಕರಾವಳಿಯಲ್ಲಿ, ಕಾಗದ ತೇವ ಹೀರಿಕೊಂಡಾಗಲೂ ಹೀಗಾಗುತ್ತದೆ. ಬಿಚ್ಚಿದ ಕಾಗದದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ.

• ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಅಡ್ಡ ಬಿಳಿ ಗೆರೆಗಳು: ಶಾಯಿಯ ರಂಧ್ರ ಕಟ್ಟಿಕೊಂಡಿದೆ. 'ನಾಝಲ್ ಚೆಕ್' ಮಾಡಿ, ನಂತರ 'ಹೆಡ್ ಕ್ಲೀನಿಂಗ್' ಒಂದೆರಡು ಬಾರಿ ಮಾಡಿ. ಪ್ರತಿ ಬಾರಿಯೂ ಶಾಯಿ ಖರ್ಚಾಗುವುದರಿಂದ ಪದೇ ಪದೇ ಮಾಡಬೇಡಿ. ವಾರಕ್ಕೊಮ್ಮೆ ಬಣ್ಣದ ಪುಟವೊಂದನ್ನು ತೆಗೆದರೆ ಶಾಯಿ ಒಣಗುವುದಿಲ್ಲ.

ಇಂಕ್‌ಜೆಟ್ ಮುದ್ರಣವು ಒದ್ದೆಯಾದರೆ ಹರಡಿಕೊಳ್ಳುವ ಸಂಭವವಿದೆ. ಹೊಲಕ್ಕೆ ಒಯ್ಯುವ ಹಾಳೆಯನ್ನು ಲೇಸರ್ ಪ್ರಿಂಟರ್‌ನಿಂದ ತೆಗೆಯಿರಿ ಅಥವಾ ಪ್ಲಾಸ್ಟಿಕ್ ಹೊದಿಕೆಯಲ್ಲಿಡಿ.

9. ಮೊಬೈಲ್‌ನಿಂದ ಮುದ್ರಣಕ್ಕೆ ಕಳುಹಿಸುವಾಗ

ಅನೇಕ ರೈತರು ಪುಟದ ಸ್ಕ್ರೀನ್‌ಶಾಟ್ ತೆಗೆದು ಜೆರಾಕ್ಸ್ ಅಂಗಡಿಗೆ ಕಳುಹಿಸುತ್ತಾರೆ. ಸ್ಕ್ರೀನ್‌ಶಾಟ್ ಕೇವಲ ಚಿತ್ರ. 1,080 ಬಿಂದುಗಳ ಅಗಲದ ಪರದೆಯ ಚಿತ್ರವನ್ನು ಎ4 ಹಾಳೆಯ 19 ಸೆಂ.ಮೀ. ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ ಸುಮಾರು 144 ಬಿಂದುಗಳಷ್ಟೇ ದೊರೆಯುತ್ತವೆ. ಸಣ್ಣ ಒತ್ತಕ್ಷರಗಳು ಕಲೆಸಿಹೋಗುತ್ತವೆ. ಇದರ ಬದಲು ಬ್ರೌಸರ್‌ನ 'ಶೇರ್' ಆಯ್ಕೆಯಲ್ಲಿ 'ಪ್ರಿಂಟ್' ಒತ್ತಿ, 'ಸೇವ್ ಆಸ್ ಪಿಡಿಎಫ್' ಮೂಲಕ ಕಡತ ಉಳಿಸಿ ಅದನ್ನು ಕಳುಹಿಸಿ. ಪಹಣಿ, ಆಧಾರ್ ಮೊದಲಾದ ದಾಖಲೆಗಳಾದರೆ ಮುದ್ರಣವಾದ ಮೇಲೆ ಅಂಗಡಿಯ ಕಂಪ್ಯೂಟರ್‌ನಿಂದ ಕಡತವನ್ನು ಅಳಿಸುವಂತೆ ಕೇಳಿಕೊಳ್ಳಿ.

10. ಹಂಚುವ ಮುನ್ನ ಪರಿಶೀಲನೆ

ವಿಸ್ತರಣಾ ಕಾರ್ಯಕರ್ತರು ಕೆಳಗಿನ ಅಂಶಗಳನ್ನು ತಪ್ಪದೆ ಪಾಲಿಸಬೇಕೆಂದು ಕೋರಲಾಗಿದೆ.

1. ಮೊದಲು ಒಂದೇ ಪ್ರತಿ ಮುದ್ರಿಸಿ. ಪರದೆಯ ಪಕ್ಕದಲ್ಲಿಟ್ಟು ಪ್ರತಿಯೊಂದು ಅಂಕಿ, ಚುಕ್ಕಿ ಮತ್ತು ಅಳತೆಯ ಮಾನವನ್ನು ತಾಳೆ ನೋಡಿ.

2. ಔಷಧಿಯ ಪ್ರಮಾಣದ ಪಕ್ಕದಲ್ಲಿ ಒಂದು ಕ್ಯಾನಿಗೆ ಎಷ್ಟೆಂಬುದನ್ನು ಅಕ್ಷರದಲ್ಲಿಯೂ ಬರೆಯಿರಿ. "15 ಲೀಟರ್ ಕ್ಯಾನಿಗೆ ಏಳೂವರೆ ಮಿ.ಲೀ." ಎಂದು ಬರೆದರೆ ಚುಕ್ಕಿ ಅಳಿಸಿದರೂ ಅಪಾಯವಿಲ್ಲ.

3. 'ಹೆಡರ್ಸ್ ಅಂಡ್ ಫೂಟರ್ಸ್' ಆಯ್ಕೆಯನ್ನು ಚಾಲನೆಯಲ್ಲಿಡಿ. ಪುಟದ ವಿಳಾಸ ಮತ್ತು ಮುದ್ರಿಸಿದ ದಿನಾಂಕ ಹಾಳೆಯ ಮೇಲೆ ಉಳಿಯುತ್ತವೆ. ಶಿಫಾರಸುಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹಾಳೆ ಎಷ್ಟು ಹಳೆಯದೆಂದು ರೈತರಿಗೆ ತಿಳಿಯಬೇಕು.

4. ಜೆರಾಕ್ಸ್‌ನ ಜೆರಾಕ್ಸ್ ತೆಗೆಯಬೇಡಿ. ಪ್ರತಿ ಸಲವೂ ಚುಕ್ಕಿ ಮತ್ತು ಒತ್ತಕ್ಷರಗಳೇ ಮೊದಲು ಅಳಿಯುತ್ತವೆ. ಉತ್ತಮವಾದ ಒಂದು ಮೂಲಪ್ರತಿಯನ್ನು ಕಡತದಲ್ಲಿ ಬೇರೆಯಾಗಿ ಇಟ್ಟುಕೊಂಡು ಎಲ್ಲ ಪ್ರತಿಗಳನ್ನೂ ಅದರಿಂದಲೇ ತೆಗೆಯಿರಿ.

5. ವಿಷಯದ ಪರಿಚಯವಿಲ್ಲದ ಸಹೋದ್ಯೋಗಿಯೊಬ್ಬರಿಗೆ ಹಾಳೆಯನ್ನು ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ರೈತರೂ ತಡವರಿಸುತ್ತಾರೆ.

ರೈತ ಬಾಂಧವರು ತಮ್ಮ ಕೈಗೆ ಬಂದ ಹಾಳೆಯಲ್ಲಿ ಪ್ರಮಾಣ ಸ್ಪಷ್ಟವಾಗಿಲ್ಲದಿದ್ದರೆ ಊಹಿಸಿ ಸಿಂಪಡಿಸಬಾರದು. ಔಷಧಿಯ ಡಬ್ಬಿಯೊಡನೆ ಬರುವ ಮಾಹಿತಿ ಪತ್ರವನ್ನು ಓದಿ, ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡ ನಂತರವೇ ಔಷಧಿಯನ್ನು ಅಳೆಯಬೇಕು.